ಮರ ಉರುಳಿಸುವ ಮುನ್ನ: ಮಲೆನಾಡಿನ ತೋಟ, ನೆಡುತೋಪುಗಳಲ್ಲಿ ಸುರಕ್ಷಿತ ಕೆಲಸದ ಕ್ರಮ

ಮಳೆ ಹಿಂದೆ ಸರಿದು ನೆಲ ಗಟ್ಟಿಯಾಗುತ್ತಿದ್ದಂತೆ ಚಿಕ್ಕಮಗಳೂರು, ಹಾಸನ, ಕೊಡಗು, ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮರ ಕಡಿಯುವ ಕೆಲಸ ಶುರುವಾಗುತ್ತದೆ. ಕಾಫಿ ತೋಟದ ಸಿಲ್ವರ್ ಓಕ್, ಅಕೇಶಿಯದ ನೆಡುತೋಪು, ಖಾಸಗಿ ಜಮೀನಿನ ತೇಗ, ಹೀಗೆ ಮರ ಯಾವುದೇ ಇರಲಿ, ಕೆಲಸದ ಅಪಾಯಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅರಣ್ಯ ಕೆಲಸದ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ 1998ರಲ್ಲಿ ಪ್ರತ್ಯೇಕ ಸಂಹಿತೆಯೊಂದನ್ನು ಹೊರತಂದಿದೆ. ಅದರಲ್ಲಿರುವಂಥ ನಿಯಮಗಳನ್ನು ನಮ್ಮ ಮಲೆನಾಡಿನ ಗುಡ್ಡ, ನಮ್ಮ ಕೂಲಿ ಪದ್ಧತಿ ಮತ್ತು ನಮ್ಮ ಕಾಡಿನ ಕಾಯಿಲೆಗಳಿಗೆ ಹೊಂದಿಸಿಕೊಂಡು ಪಾಲಿಸುವುದು ಹೇಗೆ ಎಂಬುದನ್ನು ತೋಟದ ಮಾಲೀಕರು, ಗುತ್ತಿಗೆದಾರರು, ಮೇಸ್ತ್ರಿಗಳು ಮತ್ತು ಗರಗಸ ಹಿಡಿಯುವವರಿಗಾಗಿ ಇಲ್ಲಿ ವಿವರಿಸಲಾಗಿದೆ. ಓದುಗರು ಮೊದಲಿಗೇ ಗಮನದಲ್ಲಿಡಬೇಕಾದ ಮಾತೊಂದಿದೆ: ಅಪಘಾತ ತಡೆಯುವ ಕೆಲಸದ ಬಹುಪಾಲು ಗರಗಸದ ಎಂಜಿನ್ ಚಾಲೂ ಆಗುವ ಮೊದಲೇ ಮುಗಿದಿರಬೇಕು. ಹೆಲ್ಮೆಟ್ಟು, ಬೂಟುಗಳು ಆ ಮೇಲಿನವು.

ಪರವಾನಗಿ ಮತ್ತು ಕರಾರು

ಖಾಸಗಿ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆಯಾದ್ದರಿಂದ, ಕಡಿಯಬೇಕೆಂದಿರುವ ಮರ ಆ ಪಟ್ಟಿಯಲ್ಲಿದೆಯೇ, ನಾಟ ಸಾಗಿಸಲು ಪಾಸ್ ಬೇಕೇ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಲಿಖಿತವಾಗಿ ಪಡೆದುಕೊಳ್ಳಿ. ಅರಣ್ಯ ಭೂಮಿಯ ಮಾತೇ ಬೇರೆ. ಸರ್ವೋಚ್ಚ ನ್ಯಾಯಾಲಯದ 1996ರ ಡಿಸೆಂಬರ್ 12ರ ಆದೇಶದ ನಂತರ ಅಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯ ಹೊರಗೆ ಮರ ಮುಟ್ಟುವಂತಿಲ್ಲ. ಅನುಮತಿ ಸಿಕ್ಕ ಮರಗಳಿಗೆ ಬಣ್ಣದಿಂದ ಸಂಖ್ಯೆ ಬರೆಸಿ, ಉಳಿಸಬೇಕಾದ ಮರಗಳಿಗೆ ಬೇರೆ ಬಣ್ಣದ ಪಟ್ಟಿ ಹಾಕಿಸಿದರೆ ಗಡಿಬಿಡಿಯಲ್ಲಿ ತಪ್ಪು ಮರ ಉರುಳುವುದಿಲ್ಲ.

ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು ಗುತ್ತಿಗೆಯ ಕರಾರು. ಟನ್ ಲೆಕ್ಕದಲ್ಲಿ ಅಥವಾ ಘನ ಅಡಿ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯಲ್ಲಿ ಮರ ನೋಡಲು, ಬುಡ ಸವರಲು, ದಾರಿ ಬಿಡಿಸಲು ಹಿಡಿಯುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ; ಆದ್ದರಿಂದ ಆ ಕೆಲಸಗಳೇ ಮೊದಲು ಬಿಟ್ಟುಹೋಗುತ್ತವೆ. ಕಾರ್ಮಿಕರು ಅಜಾಗರೂಕರು ಎಂದು ದೂರುವ ಮಾಲೀಕರು ತಾವು ಯಾವುದಕ್ಕೆ ಕೂಲಿ ಕೊಡುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಪೂರ್ವಸಿದ್ಧತೆಯ ಕೆಲಸಕ್ಕೆ ದಿನಗೂಲಿ, ರಕ್ಷಣಾ ಸಾಮಗ್ರಿ ಯಾರ ಖರ್ಚಿನಲ್ಲಿ, ವಿಮೆಯ ಕಂತು ಯಾರದು, ಗಾಳಿ ಅಥವಾ ಮಳೆಯಿಂದ ನಿಂತ ದಿನಕ್ಕೆ ಎಷ್ಟು ಎಂಬ ನಾಲ್ಕು ವಿಷಯಗಳು ಕರಾರಿನಲ್ಲಿ ಬರೆದಿರಲಿ. ಐದನೆಯದಾಗಿ, ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಮೇಸ್ತ್ರಿಗೆ ಇದೆ ಎಂಬ ಒಂದು ಸಾಲು ಇರಲಿ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದ ಕಾನೂನು ನಮ್ಮ ದೇಶದಲ್ಲಿ 1923ರಲ್ಲೇ ಬಂದಿದೆ. ಗುತ್ತಿಗೆದಾರನಿಗೆ ಒಪ್ಪಿಸಿದ್ದೇನೆ ಎಂದ ಮಾತ್ರಕ್ಕೆ ಆ ಹೊಣೆ ಕೈಬಿಡುವುದಿಲ್ಲ.

ಹಿಂದಿನ ದಿನ ಜಾಗವನ್ನು ನಡೆದು ನೋಡುವುದು

ಕೆಲಸದ ಹಿಂದಿನ ದಿನ ಮೇಸ್ತ್ರಿ ಮತ್ತು ಗರಗಸ ಹಿಡಿಯುವವರು ಇಡೀ ಜಾಗವನ್ನು ಒಟ್ಟಿಗೆ ನಡೆದು ನೋಡಬೇಕು. ತಲೆ ಮೇಲೆತ್ತಿ ನೋಡಬೇಕಾದವು ಒಣಗಿದ ಕೊಂಬೆ, ಮುರಿದು ಸಿಕ್ಕಿಕೊಂಡಿರುವ ರೆಂಬೆ, ಒಂದು ಮರವನ್ನು ಇನ್ನೊಂದಕ್ಕೆ ಬಿಗಿದಿರುವ ಬಳ್ಳಿ, ಹೆಜ್ಜೇನಿನ ಹುಟ್ಟಿ ಮತ್ತು ವಿದ್ಯುತ್ ತಂತಿ. ಕೆಳಗೆ ನೋಡಬೇಕಾದವು ನೆಲದ ಇಳಿಜಾರು, ಕುಣಿ, ಹುತ್ತ, ಹಳೆಯ ಬೊಡ್ಡೆ, ತೊರೆ ಮತ್ತು ಜನ ಓಡಾಡುವ ಕಾಲುದಾರಿ. ಸಿಲ್ವರ್ ಓಕಿನ ಕೊಂಬೆಗಳು ಪೆಡಸು. ಬುಡದಲ್ಲಿ ಗರಗಸದ ಅಲುಗಾಟಕ್ಕೇ ಮೇಲಿನ ಒಣ ಕೊಂಬೆ ಕಳಚಿ ಬೀಳಬಹುದು. ಅಕೇಶಿಯ ಬುಡದಿಂದಲೇ ಕವಲೊಡೆದು ವಾಲಿಕೊಂಡು ಬೆಳೆಯುವುದುಂಟು, ಅಂಥ ಮರದ ಭಾರ ಯಾವ ಕಡೆಗಿದೆ ಎಂಬುದನ್ನು ಎರಡು ದಿಕ್ಕುಗಳಿಂದ ನೋಡದೆ ಹೇಳಲಾಗದು.

ವಿದ್ಯುತ್ ತಂತಿಯ ಬಗ್ಗೆ ತುಸು ವಿವರವಾಗಿಯೇ ಹೇಳಬೇಕಾಗಿದೆ. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡುವಾಗ, ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸಾಯುವವರ ಸುದ್ದಿ ಕಾಫಿ ನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿಯನ್ನು ಒರಗಿಸಿಟ್ಟಾಗ ಅಲ್ಲ, ಒಂದು ಮರದಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಹೊತ್ತೊಯ್ಯುವಾಗ ಇಂಥ ಅನಾಹುತ ಸುಲಭವಾಗಿ ನಡೆದುಹೋಗುತ್ತದೆ, ಏಕೆಂದರೆ ಆಗ ಕಣ್ಣು ಕಾಲಿನ ಕೆಳಗಿನ ನೆಲದ ಮೇಲಿರುತ್ತದೆ. ತಂತಿ ಹಾದುಹೋಗುವ ಸಾಲುಗಳಲ್ಲಿ ಲೋಹದ ಏಣಿಯನ್ನು ಒಳಗೇ ಬಿಡಬೇಡಿ. ಒಣ ಬಿದಿರಿನ ಏಣಿಯನ್ನು ಬಳಸಿದರೂ ತಂತಿಯಿಂದ ದೂರವೇ ಇರಿ, ಹಸಿಯಾದ ಬಿದಿರು ಮತ್ತು ಹಸಿ ಕೊಂಬೆ ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಮರ ಬೀಳುವ ವ್ಯಾಪ್ತಿಯಲ್ಲಿ ತಂತಿ ಇದ್ದರೆ ಮೆಸ್ಕಾಂ, ಸೆಸ್ಕ್ ಅಥವಾ ಹೆಸ್ಕಾಂ ಶಾಖಾ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಲೈನ್‌ಮನ್ ಸ್ಥಳಕ್ಕೆ ಬಂದು ವಿದ್ಯುತ್ ಕಡಿತ ಮಾಡಿದ್ದೇನೆಂದು ಖಚಿತಪಡಿಸಿದ ಮೇಲೆಯೇ ಕೆಲಸ ಆರಂಭಿಸಬೇಕು. ಊರಿನಲ್ಲಿ ಕರೆಂಟ್ ಹೋಗಿದೆ ಎಂಬುದು ಖಚಿತತೆಯಲ್ಲ. ತಂತಿ ಹರಿದು ಬಿದ್ದರೆ ಯಾರೂ ಹತ್ತಿರ ಹೋಗದಂತೆ ಕಾದು 1912ಕ್ಕೆ ಕರೆ ಮಾಡಿ.

ಸಕಲೇಶಪುರ, ಆಲೂರು ಮತ್ತು ಕೊಡಗಿನ ಕಡೆ ಇದರ ಜೊತೆಗೆ ಆನೆಯ ವಿಚಾರವೂ ಇದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಎಂಬುದನ್ನು ತಿಳಿಸುತ್ತಾರೆ. ಬೆಳಗ್ಗೆ ಆ ಮಾಹಿತಿ ಕೈಗೆ ಬಾರದೆ ಜನರನ್ನು ತೋಟದೊಳಗೆ ಕಳಿಸಬಾರದು. ಗರಗಸದ ಸದ್ದಿನಲ್ಲಿ ಆನೆ ಬರುವ ಸುಳಿವು ಕೇಳಿಸದಾದ್ದರಿಂದ, ಅಂಥ ಜಾಗಗಳಲ್ಲಿ ಬೇರೆ ಯಾವ ಕೆಲಸವನ್ನೂ ವಹಿಸದೆ ಒಬ್ಬರನ್ನು ಕಾವಲಿಗೇ ನಿಲ್ಲಿಸುವುದು ಸರಿಯಾದ ಕ್ರಮ.

ಬೆಳಗಿನ ಮಾತು

ಕೆಲಸ ಆರಂಭಿಸುವ ಮುನ್ನ ಎಲ್ಲರನ್ನೂ ಒಂದೆಡೆ ಸೇರಿಸಿ ಹತ್ತು ನಿಮಿಷ ಮಾತಾಡಿ. ಇವತ್ತು ಯಾವ ಮರಗಳು, ಯಾವ ದಿಕ್ಕಿಗೆ, ಯಾರು ಎಲ್ಲಿ ನಿಲ್ಲುತ್ತಾರೆ, ನಿನ್ನೆ ಎಲ್ಲಿ ಎಡವಟ್ಟಾಗುವುದರಲ್ಲಿತ್ತು ಎಂಬಷ್ಟು ಹೇಳಿದರೆ ಸಾಕು. ಈಗ ಕಾಫಿ ತೋಟಗಳಲ್ಲಿ ಅಸ್ಸಾಂ ಮುಂತಾದ ಕಡೆಯಿಂದ ಬಂದ ಕಾರ್ಮಿಕರು ಬಹಳವಾಗಿ ಇರುವುದರಿಂದ, ‘ನಿಲ್ಲಿ’, ‘ಓಡಿ’, ‘ಮರ ಬೀಳುತ್ತಿದೆ’ ಎಂಬ ಮೂರು ಸೂಚನೆಗಳನ್ನು ಸೀಟಿಯ ಸದ್ದು ಮತ್ತು ಕೈಸನ್ನೆಯ ಮೂಲಕ ಗೊತ್ತುಮಾಡಿ, ಪ್ರತಿಯೊಬ್ಬರಿಂದಲೂ ಒಮ್ಮೆ ಮಾಡಿಸಿ ನೋಡಬೇಕು. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ.

ಅವಘಡವಾದರೆ ಏನು ಮಾಡಬೇಕೆಂಬುದು ಇದೇ ಹೊತ್ತಿನಲ್ಲಿ ತೀರ್ಮಾನವಾಗಲಿ. ಮಲೆನಾಡಿನ ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸಿಗುವ ಹತ್ತಿರದ ಜಾಗ ಯಾವುದೆಂದು ಪತ್ತೆಮಾಡಿ ಗುರುತು ಹಾಕಿಡಿ. ಒಂದು ವಾಹನ ರಸ್ತೆಯ ಕಡೆ ಮುಖ ಮಾಡಿ, ಬೀಗದ ಕೈ ಎಲ್ಲಿದೆ ಎಂದು ಎಲ್ಲರಿಗೂ ತಿಳಿದಿರುವಂತೆ ನಿಂತಿರಲಿ. 108ಕ್ಕೆ ಕರೆ ಮಾಡುವವರು ತೋಟದ ಹೆಸರಿನ ಜೊತೆಗೆ ಹತ್ತಿರದ ಬಸ್ ನಿಲ್ದಾಣ, ಶಾಲೆ ಅಥವಾ ದೇವಸ್ಥಾನವನ್ನೂ ಹೇಳಬೇಕು, ಮತ್ತು ಒಬ್ಬರು ಮುಖ್ಯ ರಸ್ತೆಗೆ ಹೋಗಿ ಆಂಬುಲೆನ್ಸಿಗೆ ದಾರಿ ತೋರಿಸಬೇಕು. ಗರಗಸದ ಗಾಯದಲ್ಲಿ ರಕ್ತಸ್ರಾವ ನಿಲ್ಲಿಸುವುದೇ ಮೊದಲ ಕೆಲಸ: ಸ್ವಚ್ಛ ಬಟ್ಟೆಯ ದಪ್ಪ ಮಡಿಕೆಯನ್ನು ಗಾಯದ ಮೇಲಿಟ್ಟು ಬಲವಾಗಿ ಅದುಮಿ ಹಿಡಿಯಬೇಕು, ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಡಬೇಕು. ಇಂಥ ಬಟ್ಟೆಯ ಪೊಟ್ಟಣವೊಂದು ಗರಗಸ ಹಿಡಿಯುವವನ ಜೇಬಿನಲ್ಲೇ ಇರಬೇಕು, ಜೀಪಿನಲ್ಲಿರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಆ ಕ್ಷಣಕ್ಕೆ ದೂರವಾಗುತ್ತದೆ. ಯಾವ ಕಾರಣಕ್ಕೂ ಒಬ್ಬಂಟಿಯಾಗಿ ಮರ ಕಡಿಯುವಂತಿಲ್ಲ.

ರಕ್ಷಣಾ ಉಡುಪು ಮತ್ತು ಯಂತ್ರ

ಗರಗಸ ಹಿಡಿಯುವವರಿಗೆ ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಹಿಡಿತ ಜಾರದ ಕೈಗವಸು, ಬೆರಳ ಭಾಗದಲ್ಲಿ ಉಕ್ಕಿರುವ ಬೂಟು ಮತ್ತು ಚೈನ್ ತಾಗಿದ ಕೂಡಲೇ ಎಳೆಗಳು ಹೊರಬಂದು ಯಂತ್ರವನ್ನು ಸಿಲುಕಿಸಿ ನಿಲ್ಲಿಸುವ ವಿಶೇಷ ಪ್ಯಾಂಟ್ ಬೇಕು. ಇವುಗಳಲ್ಲಿ ನಮ್ಮಲ್ಲಿ ಎಲ್ಲಕ್ಕಿಂತ ಅಪರೂಪವಾದದ್ದು ಆ ಪ್ಯಾಂಟ್. ಸೆಕೆಯಾಗುತ್ತದೆ, ದುಬಾರಿ ಎಂಬ ಎರಡೂ ಆಕ್ಷೇಪಣೆ ನಿಜವೇ. ಆದರೂ ದಿನವಿಡೀ ಗರಗಸ ಹಿಡಿಯುವವನಿಗೆ ಲುಂಗಿ ಅಥವಾ ಚಡ್ಡಿಯಲ್ಲಿ ಕೆಲಸ ಮಾಡಲು ಬಿಡುವುದಕ್ಕೆ ಇವು ಕಾರಣಗಳಲ್ಲ. ಕೆಳಗೆ ರೆಂಬೆ ಸವರುವವರಿಗೂ ದಿಮ್ಮಿ ಉರುಳಿಸುವವರಿಗೂ ಹೆಲ್ಮೆಟ್ ಮತ್ತು ಬೂಟು ಕಡ್ಡಾಯ.

ಯಂತ್ರವನ್ನು ಪ್ರತಿದಿನ ಬೆಳಗ್ಗೆ ಪರೀಕ್ಷಿಸಬೇಕು. ಚೈನ್ ಬ್ರೇಕ್ ಹಿಡಿಯುತ್ತದೆಯೇ, ಕೈಬಿಟ್ಟಾಗ ಚೈನ್ ತಿರುಗುವುದು ನಿಲ್ಲುತ್ತದೆಯೇ, ಚೈನಿನ ಬಿಗಿ ಸರಿಯಿದೆಯೇ, ಹಲ್ಲು ಹರಿತವಾಗಿದೆಯೇ, ಆಯಿಲ್ ಬರುತ್ತಿದೆಯೇ ಎಂದು ನೋಡಿ. ಮೊಂಡಾದ ಚೈನ್ ಪುಡಿ ಉದುರಿಸುತ್ತದೆ, ಹರಿತವಾದದ್ದು ಚಕ್ಕೆ ಉದುರಿಸುತ್ತದೆ. ಮೊಂಡಾಗಿದ್ದರೆ ಒತ್ತಿ ಕೊಯ್ಯಬೇಕಾಗಿ ಕೈಗೆ ಅದುರು ಹೆಚ್ಚಾಗುತ್ತದೆ. ಬ್ರೇಕ್ ಹಾಕಿ, ಯಂತ್ರವನ್ನು ನೆಲದ ಮೇಲಿಟ್ಟು, ಹಿಡಿಯನ್ನು ಕಾಲಿನಿಂದ ಒತ್ತಿಹಿಡಿದು ಚಾಲೂ ಮಾಡಬೇಕೇ ಹೊರತು ಗಾಳಿಯಲ್ಲಿ ತೂಗಾಡಿಸುತ್ತ ಹಗ್ಗ ಎಳೆಯಬಾರದು. ಚೈನ್ ಸುತ್ತುವ ಉದ್ದನೆಯ ಪಟ್ಟಿಯ ತುದಿಯ ಮೇಲಿನ ಭಾಗ ಮರಕ್ಕೆ ತಾಗಿದರೆ ಯಂತ್ರ ಒಮ್ಮೆಲೇ ಮುಖದ ಕಡೆಗೆ ಎಗರುತ್ತದೆ; ಆದಕಾರಣ ತುದಿಯಿಂದ ಕೊಯ್ಯಬಾರದು, ಭುಜಕ್ಕಿಂತ ಮೇಲೆತ್ತಿ ಕೊಯ್ಯಬಾರದು, ಎರಡೂ ಕೈಯ ಹೆಬ್ಬೆರಳು ಹಿಡಿಯನ್ನು ಸುತ್ತಿಕೊಂಡಿರಬೇಕು.

ಮರ ಉರುಳಿಸುವ ಕ್ರಮ

ಮೊದಲು ಮರದ ಎತ್ತರ ತಿಳಿಯಬೇಕು. ತೋಳಿನಷ್ಟು ಉದ್ದದ ಕೋಲನ್ನು ಚಾಚಿದ ಕೈಯಲ್ಲಿ ನೇರವಾಗಿ ಎತ್ತಿ ಹಿಡಿದು, ಕೋಲಿನ ಕೆಳತುದಿ ಮರದ ಬುಡಕ್ಕೂ ಮೇಲ್ತುದಿ ಮರದ ನೆತ್ತಿಗೂ ಸರಿಹೊಂದುವವರೆಗೆ ಹಿಂದೆ ಹಿಂದೆ ನಡೆಯಿರಿ. ಸಮತಟ್ಟು ನೆಲದಲ್ಲಿ, ನೀವು ನಿಂತ ಜಾಗದಿಂದ ಮರಕ್ಕಿರುವ ದೂರವೇ ಮರದ ಅಂದಾಜು ಎತ್ತರ. ಗರಗಸ ಹಿಡಿದವನ ಹೊರತು ಬೇರೆ ಯಾರೂ ಆ ಎತ್ತರದ ಎರಡರಷ್ಟು ದೂರದೊಳಗೆ ಇರಕೂಡದು. ಇಳಿಜಾರಿನ ಕೆಳಭಾಗದಲ್ಲಿ ಎರಡರಷ್ಟೂ ಸಾಲದು, ದಿಮ್ಮಿ ಉರುಳಿಕೊಂಡು ಹೋಗುವಷ್ಟು ದೂರ ಖಾಲಿ ಇರಬೇಕು. ಕಾಲುದಾರಿಯ ಎರಡೂ ತುದಿಯಲ್ಲಿ ಜನ ನಿಲ್ಲಿಸಿ.

ಆಮೇಲೆ ಬುಡದ ಸುತ್ತ ಪೊದೆ, ಲಂಟಾನ, ಬಳ್ಳಿಗಳನ್ನು ಕತ್ತಿಯಿಂದ ಸವರಿ, ಓಡಲು ಎರಡು ದಾರಿ ಬಿಡಿಸಿಕೊಳ್ಳಬೇಕು. ಇವು ಮರ ಬೀಳುವ ದಿಕ್ಕಿನ ನೇರ ಹಿಂದಕ್ಕಲ್ಲ, ಹಿಂಬದಿಗೆ ಓರೆಯಾಗಿ, ಎಡಕ್ಕೊಂದು ಬಲಕ್ಕೊಂದು ಇರಬೇಕು. ಬೀಳುವ ಮರದ ಬುಡ ಕೆಲವೊಮ್ಮೆ ಬೊಡ್ಡೆಯ ಮೇಲಿಂದ ಜಾರಿ ನೇರ ಹಿಂದಕ್ಕೇ ನುಗ್ಗುತ್ತದೆ.

ಕೊಯ್ತ ಮೂರು ಹಂತದ್ದು. ಬೀಳಬೇಕಾದ ಕಡೆಗೆ ಮುಖ ಮಾಡಿ ಬಾಯಿ ತೆರೆದಂಥ ಕಚ್ಚು ಹಾಕಬೇಕು. ಅದರ ಆಳ ಮರದ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಬಾಯಿಯ ಕೋನ 45 ಡಿಗ್ರಿಗೆ ಕಡಿಮೆಯಿಲ್ಲದಂತೆ. ಕಚ್ಚಿನ ಮೇಲಿನ ಮತ್ತು ಕೆಳಗಿನ ಕೊಯ್ತಗಳೆರಡೂ ಒಂದೇ ಗೆರೆಯಲ್ಲಿ ಕೂಡಬೇಕು, ಒಂದನ್ನೊಂದು ದಾಟಿದರೆ ಮರದ ದಿಕ್ಕು ತಪ್ಪುತ್ತದೆ. ಬಳಿಕ ಹಿಂಬದಿಯಿಂದ, ಕಚ್ಚಿನ ತಳಕ್ಕಿಂತ ತುಸು ಮೇಲೆ, ಅಡ್ಡಕ್ಕೆ ಕೊಯ್ಯಬೇಕು. ಈ ಕೊಯ್ತ ಕಚ್ಚನ್ನು ಮುಟ್ಟಬಾರದು. ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪದ ಮರ ಉಳಿಯಬೇಕು. ಬಾಗಿಲಿಗೆ ಕೀಲು ಹೇಗೋ ಮರಕ್ಕೆ ಈ ಉಳಿದ ಪಟ್ಟಿ ಹಾಗೆ: ಬೀಳುವಾಗ ಮರವನ್ನು ಹಿಡಿದು ದಿಕ್ಕಿಗೆ ತಿರುಗಿಸುವುದು ಅದೇ. ಪೂರ್ತಿ ಕೊಯ್ದುಬಿಟ್ಟರೆ ಮರ ಎತ್ತ ಬೇಕಾದರೂ ತಿರುಗಬಹುದು. ಗರಗಸ ಸಿಲುಕದಂತೆ, ಮರ ಹಿಂದಕ್ಕೆ ಕೂರದಂತೆ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಬಡಿಯಬೇಕು. ಕಬ್ಬಿಣದ ಬೆಣೆ ಚೈನಿಗೆ ತಾಗಿದರೆ ಚೂರುಗಳು ಸಿಡಿಯುತ್ತವೆ. ಮರ ಅಲುಗಿದ ಕೂಡಲೇ ಸೀಟಿ ಊದಿ, ಚೈನ್ ಬ್ರೇಕ್ ಹಾಕಿ, ಬಿಡಿಸಿಟ್ಟ ದಾರಿಯಲ್ಲಿ ಸರಿಯಿರಿ, ಮತ್ತು ಮರ ಬಿದ್ದ ಮೇಲೂ ಮೇಲಿನಿಂದ ಮುರಿದ ಕೊಂಬೆ ಉದುರುವುದು ನಿಲ್ಲುವ ತನಕ ಬುಡದ ಬಳಿ ಬರಬೇಡಿ.

ಬೀಳಬೇಕಾದ ಕಡೆಗೇ ಜೋರಾಗಿ ವಾಲಿರುವ ಮರ ಸುಲಭವೆಂದು ಕಾಣುತ್ತದೆ. ವಾಸ್ತವದಲ್ಲಿ ಅದು ಅತ್ಯಂತ ಅಪಾಯದ ಮರಗಳಲ್ಲಿ ಒಂದು, ಏಕೆಂದರೆ ಹಿಂಬದಿ ಕೊಯ್ಯುತ್ತಿರುವಾಗಲೇ ಕಾಂಡ ಉದ್ದಕ್ಕೆ ಸೀಳಿ ಬುಡದ ಸೀಳು ಗರಗಸದವನ ಎದೆಮಟ್ಟಕ್ಕೆ ಚಿಮ್ಮಬಹುದು. ಇಂಥ ಮರ, ಟೊಳ್ಳು ಮರ ಮತ್ತು ಗಾಳಿಗೆ ಅರ್ಧ ಬುಡಮೇಲಾದ ಮರಗಳನ್ನು ಪಳಗಿದ ಕೈಗಳಿಗೇ ಬಿಡಬೇಕು, ಹೊಸಬರು ಮುಟ್ಟಬಾರದು. ಗಾಳಿ ಬೀಸುವಾಗ, ಗುಡುಗುವಾಗ, ಮಂಜು ಕವಿದು ನೆತ್ತಿ ಕಾಣದಿರುವಾಗ ಮರ ಉರುಳಿಸುವಂತಿಲ್ಲ.

ಒಂದು ಮರ ಇನ್ನೊಂದರ ಮೇಲೆ ಒರಗಿ ನಿಂತುಬಿಟ್ಟರೆ ಅದರ ಕೆಳಗೆ ಹೋಗುವುದಾಗಲಿ, ಒರಗಿಸಿಕೊಂಡ ಮರವನ್ನು ಕಡಿಯುವುದಾಗಲಿ, ಮೂರನೆಯ ಮರವನ್ನು ಅದರ ಮೇಲೆ ಕೆಡವುವುದಾಗಲಿ ಖಂಡಿತ ಕೂಡದು. ಸುತ್ತ ಹಗ್ಗ ಕಟ್ಟಿ ಜನರನ್ನು ದೂರವಿಟ್ಟು, ಟ್ರ್ಯಾಕ್ಟರಿನ ವಿಂಚ್ ಹಾಗೂ ಮರದ ಉದ್ದಕ್ಕಿಂತ ಉದ್ದನೆಯ ಹಗ್ಗದಿಂದ ಬುಡವನ್ನು ಹಿಂದಕ್ಕೆ ಎಳೆಸಬೇಕು. ಊಟದ ಹೊತ್ತಾಯಿತೆಂದು ಹಾಗೇ ಬಿಟ್ಟು ಹೋಗುವುದೂ ತಪ್ಪು.

ರೆಂಬೆ ಸವರುವುದು, ಎಳೆಯುವುದು, ಲಾರಿಗೆ ಹೇರುವುದು

ಇಳಿಜಾರಿನಲ್ಲಿ ಬಿದ್ದ ಮರದ ಮೇಲ್ಬದಿಗೆ ನಿಂತೇ ರೆಂಬೆ ಸವರಬೇಕು. ಬಾಗಿ ಬಿಗಿದಿರುವ ಕೊಂಬೆಯನ್ನು ಒಮ್ಮೆಲೇ ಕೊಯ್ದರೆ ಅದು ಬಿಲ್ಲಿನಂತೆ ಒದೆಯುತ್ತದೆ. ಮೊದಲು ಒಳಬಾಗಿದ ಕಡೆ ಸ್ವಲ್ಪ, ಬಳಿಕ ಎಳೆದುಕೊಂಡ ಕಡೆ ನಿಧಾನವಾಗಿ ಕೊಯ್ಯಬೇಕು. ದಿಮ್ಮಿ ಎಳೆಯುವಾಗ ಹಗ್ಗ ಅಥವಾ ಸರಪಳಿಯ ನೇರಕ್ಕೆ, ಮತ್ತು ಅದು ಬಾಗಿ ತಿರುಗುವ ಕಡೆಯ ಒಳಬದಿಗೆ ಯಾರೂ ನಿಲ್ಲಬಾರದು. ಲಾರಿಗೆ ಹೇರುವಾಗ ಗಾಲಿಗಳಿಗೆ ಅಡ್ಡ ಕಟ್ಟಿಗೆ, ಬದಿಗೆ ಗಟ್ಟಿ ಗೂಟ ಇರಬೇಕು, ಹೇರಿದ ನಾಟದ ಮೇಲೆ ಕೂತು ಪ್ರಯಾಣ ಮಾಡಲು ಯಾರಿಗೂ ಅವಕಾಶ ಕೊಡಬಾರದು.

ಕಾಡಿನ ಕಾಯಿಲೆ ಮತ್ತು ಮೈಯ ಆರೋಗ್ಯ

ಮರ ಕಡಿಯುವ ಹಂಗಾಮು ಮತ್ತು ಮಂಗನ ಕಾಯಿಲೆಯ ಹಂಗಾಮು ಒಂದೇ ಕಾಲಕ್ಕೆ ಬರುತ್ತವೆ ಎಂಬುದು ಮಲೆನಾಡಿನಲ್ಲಿ ಕೆಲಸ ಮಾಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವನ್ನು ಉಣುಗುಗಳು ಹರಡುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳು ನವೆಂಬರ್-ಡಿಸೆಂಬರಿನಿಂದ ಮೇವರೆಗೆ ತರಗೆಲೆಯಲ್ಲಿ, ಪೊದೆಯಲ್ಲಿ ಹೇರಳವಾಗಿರುತ್ತವೆ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿದೆ, ಈ ರೋಗಕ್ಕೇ ಎಂದು ಪ್ರತ್ಯೇಕ ಔಷಧಿಯೂ ಇಲ್ಲ, ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಉಳಿದಿರುವ ದಾರಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಕಾಡಿಗಿಳಿಯಬೇಕು. ತರಗೆಲೆಯ ಮೇಲೆ ನೇರ ಕೂರಬಾರದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು. ಮೈಗೆ ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆದು ತೆಗೆಯಿರಿ, ಬೆರಳಲ್ಲಿ ಹಿಸುಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಆ ಭಾಗದಲ್ಲಿ ಕೆಲಸ ನಿಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿಬಂದ ಕೆಲವೇ ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದವರನ್ನು ಮಾತ್ರೆ ನುಂಗಿಸಿ ಕೆಲಸಕ್ಕೆ ಕರೆತರದೆ ರಕ್ತಪರೀಕ್ಷೆಗೆ ಕಳಿಸುವುದು ಮೇಸ್ತ್ರಿಯ ಹೊಣೆ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದಿಗೆ ಹುಡುಕಾಡುವುದು ಇವೆಲ್ಲ ಕಾಲಹರಣ. ಕಚ್ಚಿದ ಅಂಗವನ್ನು ಅಲುಗಿಸದೆ, ನಡೆಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಯಾವ ಆಸ್ಪತ್ರೆಯಲ್ಲಿದೆ ಎಂಬುದು ಹಂಗಾಮಿನ ಆರಂಭದಲ್ಲೇ ತಿಳಿದಿರಬೇಕು. ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿದೆ. ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಬೇಕು. ಹೊಳಗೇರಿನಂಥ ಮರಗಳ ಸೊನೆ ತಾಗಿದರೆ ಮೈ ಸುಟ್ಟಂತಾಗುವುದರಿಂದ ಅಂಥ ಮರಗಳನ್ನು ಮೊದಲೇ ಗುರುತಿಸಿಡಿ.

ನಿಧಾನವಾಗಿ ಬರುವ ಹಾನಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗರಗಸದ ಸದ್ದು 100 ಡೆಸಿಬೆಲ್ ದಾಟುತ್ತದೆ, ಕಿವಿಗೆ ಮುಚ್ಚಳವಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಮಂದವಾಗುತ್ತದೆ. ಅದುರಿನಿಂದ ಬೆರಳು ಜೋಮು ಹಿಡಿದು, ಚಳಿಗೆ ಬಿಳಿಚಿಕೊಳ್ಳತೊಡಗುತ್ತವೆ. ಗರಗಸವನ್ನು ಇಬ್ಬರು ಸರದಿಯಂತೆ ಹಿಡಿಯುವುದು, ನಡುನಡುವೆ ವಿರಾಮ ಕೊಡುವುದು, ಕುಡಿಯುವ ನೀರು ಕೈಗೆಟುಕುವಲ್ಲಿ ಇಡುವುದು ಇದಕ್ಕೆ ಉಪಾಯ. ಹಿಂದಿನ ರಾತ್ರಿಯ ಮದ್ಯದ ಅಮಲು ಇಳಿಯದವರನ್ನು ಆ ದಿನ ಮನೆಗೆ ಕಳಿಸಿ.

ಬೆಂಕಿ, ಎಣ್ಣೆ, ನೀರು

ಪೆಟ್ರೋಲ್ ತುಂಬುವಾಗ ಎಂಜಿನ್ ಆರಿಸಿ, ತಣ್ಣಗಾಗಲು ಬಿಡಬೇಕು. ಬೀಡಿ, ಒಲೆ ಯಾವುದೂ ಹತ್ತಿರ ಇರಬಾರದು, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಯಂತ್ರ ಚಾಲೂ ಮಾಡಬೇಕು. ಫೆಬ್ರವರಿಯ ನಂತರ ತರಗೆಲೆ ಗರಿಗರಿಯಾಗಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಹಬ್ಬಿದ ರೀತಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸದ ಜಾಗದಲ್ಲಿ ನೀರಿನ ಕ್ಯಾನು, ಹಸಿ ಸೊಪ್ಪಿನ ಕೊಂಬೆ, ಗುದ್ದಲಿ ಸಿದ್ಧವಿರಲಿ, ಸವರಿದ ರೆಂಬೆಗಳನ್ನು ಸ್ಥಳದಲ್ಲೇ ಸುಡುವ ಅಭ್ಯಾಸ ಬಿಡಿ. ಕಾಡಿನ ಕಡೆ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಎಣ್ಣೆಯ ಡಬ್ಬಿಗಳನ್ನು ತೊರೆಯಿಂದ ದೂರ, ಗೋಣಿ ಹಾಸಿದ ತಟ್ಟೆಯ ಮೇಲಿಡಬೇಕು. ಖಾಲಿ ಡಬ್ಬಿ, ಹಳೆಯ ಚೈನ್, ಎಣ್ಣೆ ಒರೆಸಿದ ಬಟ್ಟೆಗಳನ್ನು ಸಂಜೆ ಚೀಲಕ್ಕೆ ತುಂಬಿ ವಾಪಸು ತರಬೇಕು. ಪೊಟರೆ ಇರುವ ದೊಡ್ಡ ಮರಗಳನ್ನು ಸಾಧ್ಯವಾದಲ್ಲೆಲ್ಲ ಉಳಿಸಿ, ಅದರಲ್ಲೂ ಬೇಸಿಗೆಯಲ್ಲಿ: ದಾಂಡೇಲಿ ಸುತ್ತಮುತ್ತ ಮಂಗಟ್ಟೆ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಇಂಥ ಪೊಟರೆಗಳಲ್ಲಿ, ಹೆಣ್ಣು ಹಕ್ಕಿ ಆಗ ಒಳಗೇ ಮುಚ್ಚಿಕೊಂಡಿರುತ್ತದೆ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳ (ರಾಮಪತ್ರೆ ಮರಗಳ ಜೌಗು ಕಾಡುಗಳ) ಬಳಿ, ಹಾಗೆಯೇ ದೇವರಕಾಡಿನ ಅಂಚಿನಲ್ಲಿ ಯಂತ್ರ ಇಳಿಸಬೇಡಿ. ದಿಮ್ಮಿ ಎಳೆಯಲು ತೊರೆಯ ಪಾತ್ರವನ್ನು ದಾರಿಯಾಗಿ ಬಳಸಿದರೆ ದಂಡೆ ಕುಸಿದು ಮುಂದಿನ ಮಳೆಯಲ್ಲಿ ಕೆಳಗಿನ ಗದ್ದೆಗೆ ಹೂಳು ನುಗ್ಗುತ್ತದೆ, ಆದ್ದರಿಂದ ಎಳೆಯುವ ದಾರಿಗಳನ್ನು ಇಳಿಜಾರಿಗೆ ಅಡ್ಡಲಾಗಿ, ಆದಷ್ಟು ಕಡಿಮೆ ಸಂಖ್ಯೆಯಲ್ಲಿ ಮಾಡಬೇಕು. ಕೆಲಸ ಮುಗಿದ ಮೇಲೆ, ಜೂನಿನ ಮಳೆ ಹಿಡಿಯುವ ಮೊದಲೇ, ಈ ದಾರಿಗಳಿಗೆ ಅಲ್ಲಲ್ಲಿ ಓರೆಯಾಗಿ ಬದು ಹಾಕಿ, ಸವರಿದ ರೆಂಬೆಗಳನ್ನು ಹರಡಿ, ಗಾಲಿಯ ಜಾಡುಗಳಲ್ಲಿ ನೀರು ಓಡದಂತೆ ಮುಚ್ಚಿಸಿದ ಮೇಲೆಯೇ ಗುತ್ತಿಗೆಯ ಕೊನೆಯ ಕಂತು ಪಾವತಿ ಮಾಡಿ.